ಜೊತೆಗಾರನಿಲ್ಲದ ತಾಳ

ಶಾಂತಯ್ಯನವರ ಆಶ್ರಮಕ್ಕೆ ಇಂದುಧರ ಬಂದಾಗ ಮಧ್ಯಾಹ್ನವಾಗಿತ್ತು. ಇಪ್ಪತ್ತೆರಡು ವರ್ಷಗಳ ಹಿಂದೆ ಇಲ್ಲೇ ಹಾರ್ಮೋನಿಯಂ ಕಲಿತು ಹೋದವನು. ಗುರುಗಳ ಪಾದ ಮುಟ್ಟಲು ಬಗ್ಗಿದವನಿಗೆ ಬೇಗ ಏಳಲಾಗಲಿಲ್ಲ.

"ದಣಿದಿದ್ದೀಯ," ಎಂದರು ಗುರುಗಳು.

"ಹೌದು ಗುರುಗಳೇ."

"ಫಕೀರೇಶ ಎಲ್ಲಿ?"

ಇಂದುಧರ ಹೆಗಲ ಚೀಲ ಇಳಿಸಿ ಗೋಡೆಗಿಟ್ಟ.

ಫಕೀರೇಶ ಅದೇ ಆಶ್ರಮದಲ್ಲಿ ತಬಲಾ ಕಲಿತವನು. ಇಬ್ಬರೂ ಒಟ್ಟಿಗೇ ಹೊರಟು, ಗೋವಾದಲ್ಲಿ ಒಂದು ಕೋಣೆ ಹಿಡಿದು, ಕಂಪ್ಯೂಟರಿನಲ್ಲಿ ಟ್ರಾನ್ಸ್ ಸಂಗೀತ ಕಟ್ಟತೊಡಗಿದ್ದರು. ಒಂದೇ ತಾಳ ಗಂಟೆಗಟ್ಟಲೆ ಬಡಿಯುತ್ತಿರುತ್ತದೆ, ಜನ ಮೈಮರೆತು ಕುಣಿಯುತ್ತಾರೆ. ತಾಳ ಫಕೀರೇಶನದು. ಅದರ ಮೇಲೆ ತೇಲುವ ರಾಗ ಇಂದುಧರನದು. ಜೋಡಿಗೆ 'ನಸುಕು' ಎಂದು ಹೆಸರಿಟ್ಟುಕೊಂಡರು. ಆ ಹೆಸರು ಹತ್ತಾರು ದೇಶಗಳ ಪೋಸ್ಟರುಗಳ ಮೇಲೆ ಬಂತು.

"ನಿಮ್ಮದೇನಾದರೂ ಕೇಳಿಸು," ಎಂದರು ಗುರುಗಳು.

ಆಶ್ರಮದ ಪಕ್ಕದ ಹೊಳೆಯ ಮೆಟ್ಟಿಲ ಮೇಲೆ ಕುಳಿತು ಇಂದುಧರ ಹೋದ ತಿಂಗಳ ಕಾರ್ಯಕ್ರಮದ ರೆಕಾರ್ಡಿಂಗ್ ಹಚ್ಚಿದ. ಹೆಡ್‌ಫೋನನ್ನು ಗುರುಗಳ ಕಿವಿಗಿಟ್ಟ. ಎಂಬತ್ತೊಂದರ ಆ ಹಿರಿಯರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಇದರಲ್ಲಿ ಫಕೀರೇಶ ಇಲ್ಲ."

"ಮೂವತ್ತು ಸಾವಿರ ಜನ ಇದ್ದರು. ಒಬ್ಬರಿಗೂ ಗೊತ್ತಾಗಲಿಲ್ಲ. ಅವನ ಹಳೇ ತಾಳದ ರೆಕಾರ್ಡಿಂಗನ್ನೇ ಹಾಕಿದ್ದೆ. ಅವನದೇ ಕೈ, ಗುರುಗಳೇ."

"ಮಧ್ಯೆ ತಾಳ ನಿಲ್ಲುತ್ತೆ. ನೀನೊಬ್ಬನೇ ಹೋಗ್ತೀಯ."

"ಹೌದು. ಆಮೇಲೆ ತಾಳ ವಾಪಸ್ ಬರುತ್ತೆ. ಜನ ಕಾಯೋದೇ ಅದಕ್ಕೆ."

"ಯಾವಾಗ ಬರಬೇಕು ಅಂತ ಅವನಿಗೆ ಹೇಗೆ ಗೊತ್ತಾಗ್ತಿತ್ತು?"

"ನನ್ನ ಮುಖ ನೋಡ್ತಿದ್ದ."

"ಇಲ್ಲಿ ನಿನ್ನ ರಾಗ ಇನ್ನೂ ಮುಗಿದಿರಲಿಲ್ಲ. ತಾಳ ಬಂದುಬಿಟ್ಟಿತು."

ಇಂದುಧರ ಹೆಡ್‌ಫೋನನ್ನು ತೆಗೆದು ಪಕ್ಕಕ್ಕಿಟ್ಟ.

"ಮೂರು ವರ್ಷದ ಹಿಂದೆ ಅವನ ಕಿವಿಯೊಳಗೆ ಶಿಳ್ಳೆ ಶುರುವಾಯಿತು. ನಿಲ್ಲದ ಶಿಳ್ಳೆ. ವೇದಿಕೆ ಮೇಲೆ ಸದ್ದು ಕಡಿಮೆ ಮಾಡೋಣ ಅಂದ. ಜನ ಒಪ್ಪಲ್ಲ, ಇದೊಂದು ಸೀಸನ್ ತಡಿ ಅಂದೆ. ಪ್ರತಿ ಸಲವೂ ಅದನ್ನೇ ಅಂದೆ. ಹೋದ ವರ್ಷ ಎಡಗಿವಿ ಪೂರ್ತಿ ಹೋಯಿತು. ಈಗ ಹುಬ್ಬಳ್ಳಿಯಲ್ಲಿ ಅಕ್ಕನ ಮನೇಲಿದ್ದಾನೆ. ಮನೆ ನಿಶ್ಶಬ್ದವಾದಷ್ಟೂ ಶಿಳ್ಳೆ ಜೋರಾಗುತ್ತಂತೆ. ನಿದ್ದೆ ಇಲ್ಲ."

"ಹೋಗಿ ನೋಡಿದೆಯಾ?"

"ಈ ಕಾರ್ಯಕ್ರಮದ ವಿಡಿಯೊ ನೋಡಿ ಅವನೇ ಫೋನ್ ಮಾಡಿದ್ದ. 'ನಿನ್ನೆ ನಾನು ಚೆನ್ನಾಗಿ ನುಡಿಸಿದೆ, ಅಲ್ವಾ?' ಅಂದ. ನಾನು ಫೋನ್ ಇಟ್ಟುಬಿಟ್ಟೆ."

ಇಂದುಧರ ಕೈಮುಗಿದ: "ನನಗೆ ಧ್ಯಾನ ಕಲಿಸಿ ಗುರುಗಳೇ. ಈ ದಣಿವು ಹೋಗಲಿ."

ಗುರುಗಳು ಎದ್ದರು. ಒಳಗಿಂದ ಶಾಲು ತಂದು ಹೊದ್ದು ಚಪ್ಪಲಿ ಮೆಟ್ಟಿದರು.

"ಎಲ್ಲಿಗೆ ಹೊರಟಿರಿ?"

"ಹುಬ್ಬಳ್ಳಿಗೆ. ಬಸ್ಸು ಎಷ್ಟು ಹೊತ್ತಿಗೆ?"

"ಈ ವಯಸ್ಸಿನಲ್ಲಿ ನೀವು ಹೋಗೋದೇ?"

"ಹಾಗಾದರೆ ನೀನು ಹೋಗು."

ಮರುದಿನ ಇಂದುಧರ ಹುಬ್ಬಳ್ಳಿಯ ಆ ಮನೆಯ ಬಾಗಿಲಲ್ಲಿ ನಿಂತಿದ್ದ. ಫಕೀರೇಶನ ಕಣ್ಣುಗಳು ಗುಳಿಬಿದ್ದಿದ್ದವು. ಇಂದುಧರ ಏನೋ ಹೇಳಲು ಹೋಗಿ ತಡವರಿಸಿದ.

"ಈ ಕಡೆ ಬಂದು ಹೇಳು," ಎಂದ ಫಕೀರೇಶ, ಬಲಗಿವಿ ತೋರಿಸಿ.

ಇಂದುಧರ ಆ ಕಡೆಗೆ ಬಂದ. "ನನ್ನಿಂದ ತಪ್ಪಾಯಿತು."

"ಕೇಳಿಸಿತು," ಎಂದ ಫಕೀರೇಶ. ಒಳಗೆ ಹೋಗಿ ಎರಡು ಲೋಟ ಚಹಾ ತಂದ.

ಇಂದುಧರ ಅಲ್ಲಿಂದಲೇ ಫೋನ್ ಮಾಡಿ ಆ ವರ್ಷದ ಉಳಿದ ಕಾರ್ಯಕ್ರಮಗಳನ್ನೆಲ್ಲ ರದ್ದು ಮಾಡಿದ. ಎರಡು ದಿನ ಬಿಟ್ಟು ಇಬ್ಬರೂ ಆಶ್ರಮಕ್ಕೆ ಬಂದರು.

ಒಡ್ಡಿನ ಮೇಲಿಂದ ಹೊಳೆಯ ನೀರು ಒಂದೇ ಸಮನೆ ಧುಮುಕುತ್ತಿತ್ತು. ಫಕೀರೇಶ ಜಗಲಿಯ ಮೇಲೆ ಕುಳಿತು ತಲೆಯನ್ನು ಆ ಕಡೆ ಈ ಕಡೆ ವಾಲಿಸಿದ.

"ಇಲ್ಲಿ ಶಿಳ್ಳೆ ಗೊತ್ತಾಗ್ತಿಲ್ಲ," ಎಂದು ಗೋಡೆಗೊರಗಿದ.

ಇಂದುಧರ ಗುರುಗಳ ಮುಂದೆ ಕುಳಿತ. ಅವನಿಗೆ ತಡೆಯಲಾಗಲಿಲ್ಲ.

"ಮುಂದೇನು ಗುರುಗಳೇ? ನಾವಿಬ್ಬರೂ ಮತ್ತೆ ಸಂಗೀತ ಮಾಡಬೇಕೋ, ಬಿಟ್ಟುಬಿಡಬೇಕೋ? ಇಷ್ಟು ವರ್ಷ ಮಾಡಿದ್ದಕ್ಕೆಲ್ಲ ಅರ್ಥವೇನು?" ಕೇಳುತ್ತ ಕೇಳುತ್ತ ಅವನ ದನಿ ಏರಿತು.

ಗುರುಗಳು ಜಗಲಿಯ ಕಡೆ ನೋಡಿದರು.

"ಮೆಲ್ಲಗೆ ಮಾತಾಡು. ಅವನಿಗೆ ಈಗಷ್ಟೇ ನಿದ್ದೆ ಹತ್ತಿದೆ."