ಹೆಣ್ಣುಕುದುರೆಯ ಕಾಲಿನ ಗಂಟು

"ಅಜ್ಜಾ, ತಪ್ಪು ನನ್ನದೋ ನಮ್ಮಣ್ಣನದೋ? ಅದೊಂದು ಹೇಳಿಬಿಡಿ" ಎಂದು ಬಸಲಿಂಗ ಕೇಳಿದ.

ಮಠದ ಅಜ್ಜ ಕಣ್ಣು ಮುಚ್ಚಿಕೊಂಡರು. ಈ ಪ್ರಶ್ನೆ ಅವರಿಗೆ ಹೊಸದಲ್ಲ. ಹಿಂದಿನ ಸಲ ಕೇಳಿದಾಗ "ಸುಮ್ಮನಿರು, ತಾನಾಗಿ ಸರಿಹೋಗುತ್ತದೆ" ಎಂದು ಹೇಳಿ ಶಿಷ್ಯನನ್ನು ಮನೆಗೆ ಕಳಿಸಿದ್ದರು.

"ಅದೇ ಊಟದ ಮನೆಯ ಮಾತೇ?"

"ಅದೇ ಅಜ್ಜಾ. ನಾನು ತಟ್ಟೆಯ ಮುಂದೆ ಕೂತಿದ್ದೆ. ಅತ್ತಿಗೆಯ ಎದುರಿಗೆ ಅಣ್ಣ, 'ಹೊಲಕ್ಕೆ ಎಲ್ಲರಿಗಿಂತ ಕಡೆಗೆ ಬರುತ್ತೀಯ, ಊಟಕ್ಕೆ ಎಲ್ಲರಿಗಿಂತ ಮೊದಲು ಬರುತ್ತೀಯ' ಅಂದುಬಿಟ್ಟ. ಒಡಹುಟ್ಟಿದವನು ಆಡುವ ಮಾತೇ ಅದು? ಗೌಡರನ್ನು ಕೇಳಿದೆ, ಅಣ್ಣನದೇ ತಪ್ಪು ಅಂದರು. ಸೋದರಮಾವನನ್ನು ಕೇಳಿದೆ, ದೊಡ್ಡವನು ಒಂದು ಮಾತು ಅಂದರೆ ಏನಾಯಿತು ಅಂದ. ಸಂತೆಯಲ್ಲಿ ಬೀಗರು ಸಿಕ್ಕಿದ್ದರು, ಅವರು ಬೇರೆಯೇ ಹೇಳಿದರು. ಮೊದಮೊದಲು ಅಣ್ಣ ಮುಖ ಊದಿಸಿಕೊಂಡು ಓಡಾಡುತ್ತಿದ್ದ, ಅಷ್ಟೇ. ಈಗ ಪಾಲು ತೆಗೆದುಕೊಂಡು ಬೇರೆ ಒಲೆ ಹೂಡು ಅನ್ನುತ್ತಿದ್ದಾನೆ. ಅಣ್ಣನನ್ನು ಬಿಟ್ಟು ಇರುವುದು ನನ್ನ ಕೈಯಲ್ಲಿ ಆಗುವುದಿಲ್ಲ, ಅಜ್ಜಾ. ಅದಕ್ಕೇ ಕೇಳುತ್ತಿದ್ದೇನೆ. ತಪ್ಪು ಯಾರದು?"

"ಶಿವ ಶಿವಾ!" ಎಂದರು ಅಜ್ಜ. "ಕೂತುಕೋ. ನೆಟ್ಟಗೆ ಹೇಳಿದರೆ ನಿನ್ನ ತಲೆಗೆ ಹೋಗುವುದಿಲ್ಲ. ಕತೆಯಾದರೂ ಹೋಗುತ್ತದೇನೋ ನೋಡೋಣ. ನಡುವೆ ಬಾಯಿ ಹಾಕಬೇಡ."

ಅಜ್ಜ ಹೇಳಿದ ಕತೆ ಇದು.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನಿಗೊಂದು ಸವಾರಿಯ ಹೆಣ್ಣುಕುದುರೆ. ಮರಿಯಿಂದ ಅವನೇ ಸಾಕಿದ್ದು. ಅವನ ಹೆಜ್ಜೆಯ ಸದ್ದು ಕೇಳಿದರೆ ಸಾಕು, ಲಾಯದೊಳಗಿಂದ ಕೆನೆಯುತ್ತಿತ್ತು. ಹೆಂಡತಿ ಮಕ್ಕಳಿಗಿಂತ ಅವನಿಗೆ ಅದೇ ಹೆಚ್ಚು ಎಂದು ಮನೆಯವರು ಆಡಿಕೊಳ್ಳುತ್ತಿದ್ದರು. ನಿಜವೇ ಇರಬೇಕು.

ಒಂದು ಬೆಳಿಗ್ಗೆ ಮೈ ಉಜ್ಜುವಾಗ ಅದರ ಮುಂಗಾಲಿನಲ್ಲಿ, ಮೊಣಕಾಲಿನ ಕೆಳಗೆ ಒಳಬದಿಯಲ್ಲಿ, ಒಂದು ಗಂಟು ಕೈಗೆ ಸಿಕ್ಕಿತು. ಕಡಲೆಕಾಳಿನಷ್ಟು. ಒತ್ತಿದ. ಕುದುರೆ ಕಾಲು ಎಳೆದುಕೊಳ್ಳಲಿಲ್ಲ. ನಡೆಸಿ ನೋಡಿದ. ಕುಂಟಲಿಲ್ಲ. ಆದರೂ, ಇವತ್ತು ಗಂಟು, ನಾಳೆ ಕುಂಟಿದರೆ ಏನು ಗತಿ ಎಂದು ಅವನಿಗೆ ಅನ್ನ ಸೇರಲಿಲ್ಲ.

ಊರಿನಲ್ಲಿ ಲಾಳ ಕಟ್ಟುವವನಿಗೆ ತೋರಿಸಿದ. ಅವನು ತಡವಿ ನೋಡಿ, "ಇದು ಎಲುಬಿನ ಗಂಟು, ಹೊಸದು. ಅಮಾವಾಸ್ಯೆ ಕಳೆಯುವ ತನಕ ಹತ್ತಬೇಡಿ. ಮೇಯಲು ಬಿಡಿ. ಗಂಟು ಹಾಗೇ ಉಳಿದರೂ ಕಾಲಿಗೆ ಏನೂ ಆಗುವುದಿಲ್ಲ" ಎಂದ.

ವ್ಯಾಪಾರಿಗೆ ಸಮಾಧಾನವಾಗಲಿಲ್ಲ. ಲೇಪವಿಲ್ಲ, ಕಷಾಯವಿಲ್ಲ, ಸುಮ್ಮನೆ ಬಿಡು ಎನ್ನುವುದೂ ಒಂದು ಮದ್ದೇ? ಪಕ್ಕದ ಊರಿನಲ್ಲಿ ಒಬ್ಬ ಮುದಿ ರಾವುತ ಇದ್ದಾನೆ, ಜನ್ಮವಿಡೀ ಕುದುರೆಯ ಮೇಲೆ ಕಳೆದವನು, ಅವನನ್ನೇ ಕೇಳಬೇಕು ಎಂದುಕೊಂಡ. ಕಾಲು ಮುಟ್ಟಿ ನೋಡದೆ ಯಾರೂ ಏನೂ ಹೇಳುವುದಿಲ್ಲ. ಕುದುರೆಯನ್ನು ಒಯ್ಯಲೇಬೇಕು. ಕುದುರೆ ಇಟ್ಟ ವ್ಯಾಪಾರಿ ಲಗಾಮು ಹಿಡಿದು ಮುಂದೆ ಮುಂದೆ ನಡೆದುಕೊಂಡು ಹೋದರೆ, ವ್ಯಾಪಾರ ಮುಳುಗಿತೇನೋ ಎಂದು ದಾರಿಯವರು ನಗುತ್ತಾರೆ. ಅವನ ಕಸುಬಿನವರಲ್ಲಿ ಹಾಗೊಂದು ಮರ್ಯಾದೆ. ಹಾಳು ಮರ್ಯಾದೆ! ಜೀನು ಬಿಗಿದ, ಹತ್ತಿದ, ಹೊರಟ.

ರಾವುತ ನೋಡಿ, ಇದು ಎಲುಬಲ್ಲ, ನರದ ಗಂಟು, ತಣ್ಣೀರು ಹುಯ್ಯಿ, ಊತ ಇಳಿಯುವ ತನಕ ಹತ್ತಬೇಡ ಎಂದ. ಅಷ್ಟರಲ್ಲಿ ಗಂಟು ಅಡಿಕೆಯಷ್ಟಾಗಿತ್ತು. ವ್ಯಾಪಾರಿ ಹೆದರಿ ಅಲ್ಲಿಂದಲೇ ಆಚೆಯ ಊರಿನ ಜೋಯಿಸನ ಹತ್ತಿರ ಹೋದ. ಜೋಯಿಸ, ಎಲುಬೂ ಅಲ್ಲ ನರವೂ ಅಲ್ಲ, ದೃಷ್ಟಿ ತಾಗಿದೆ, ಈ ಕರಿದಾರ ಕಟ್ಟು, ದಾರ ಸವೆದು ಉದುರುವ ತನಕ ಹತ್ತಬೇಡ ಎಂದ.

ವ್ಯಾಪಾರಿ ಜಗಲಿಯ ಮೇಲೆ ಕೂತು ತಲೆ ಕೆರೆದುಕೊಂಡ. ಒಬ್ಬ ಎಲುಬು ಅನ್ನುತ್ತಾನೆ, ಒಬ್ಬ ನರ ಅನ್ನುತ್ತಾನೆ, ಒಬ್ಬ ದೃಷ್ಟಿ ಅನ್ನುತ್ತಾನೆ. ಯಾರನ್ನು ನಂಬುವುದು? ಅಯ್ಯೋ ಪುಣ್ಯಾತ್ಮಾ, ಹತ್ತಬೇಡ ಎಂದು ಎಲ್ಲರೂ ಬಡಿದುಕೊಂಡರಲ್ಲೋ! ಆ ಮಾತು ಅವನ ಕಿವಿಗೆ ಬಿದ್ದಿದ್ದರೆ ಈ ಕತೆ ಹೇಳುವ ಕರ್ಮ ನನಗೆ ಬರುತ್ತಿರಲಿಲ್ಲ. ಅವನಿಗೆ ಬೇಕಾದದ್ದು ಗಂಟಿನ ಹೆಸರು. ಹೆಸರು ಗೊತ್ತಾಗದೆ ಅವನಿಗೆ ನಿದ್ದೆಯಿಲ್ಲ.

ದೂರದ ಕೋಟೆಯ ಪೇಟೆಯಲ್ಲಿ ಹೆಸರಾದ ಕುದುರೆ ವೈದ್ಯ ಒಬ್ಬನಿದ್ದಾನೆ ಎಂದು ಯಾರೋ ಹೇಳಿದರು. ಹೊರಟೇಬಿಟ್ಟ. ದಾರಿಯಲ್ಲಿ ಇಳಿದಾಗಲೆಲ್ಲ ಬಗ್ಗಿ ಕಾಲು ಮುಟ್ಟಿ ನೋಡುತ್ತಿದ್ದ. ನೋಡಿದಾಗಲೆಲ್ಲ ಗಂಟು ಮೊದಲಿಗಿಂತ ದೊಡ್ಡದು, ಮೊದಲಿಗಿಂತ ಬಿಸಿ. ಗಂಟು ದೊಡ್ಡದಾದಷ್ಟು ಅವನಿಗೆ ಗಾಬರಿ. ಗಾಬರಿಯಾದಷ್ಟು ಜೋರಾಗಿ ಓಡಿಸಿದ. ಅವನಿಗೆ ಕುದುರೆಯ ಮೇಲೆ ಪ್ರೀತಿ ಇರಲಿಲ್ಲ ಎಂದು ಮಾತ್ರ ಹೇಳಬೇಡ. ಪ್ರೀತಿ ಇದ್ದದ್ದಕ್ಕೇ ಅಷ್ಟು ಅವಸರ. ಇಂಥವರನ್ನು ಕಟ್ಟಿಕೊಂಡು ಏನು ಮಾಡುವುದು ಹೇಳು!

ವೈದ್ಯನ ಬಾಗಿಲಿಗೆ ಬಂದು ಇಳಿದಾಗ ಕುದುರೆ ಮೂರು ಕಾಲಿನ ಮೇಲೆ ನಿಂತಿತ್ತು. ನಾಲ್ಕನೆಯದನ್ನು ನೆಲಕ್ಕೆ ಊರಲಿಲ್ಲ. ವೈದ್ಯ ಬಗ್ಗಿ ಗಂಟನ್ನು ನೋಡಲಿಲ್ಲ. ಬೆವರಿದ ಜೀನನ್ನು ನೋಡಿದ.

"ಇಲ್ಲಿಯ ತನಕ ಇದನ್ನು ಹೇಗೆ ತಂದಿರಿ?" ಎಂದು ಕೇಳಿದ.

"ಹತ್ತಿಕೊಂಡೇ ಬಂದೆ, ಮತ್ತೆ ಹೇಗೆ ಬರುವುದು? ಇದು ಎಲುಬೋ ನರವೋ ದೃಷ್ಟಿಯೋ, ಅದು ಹೇಳಿ ಸ್ವಾಮಿ."

"ಯಾವುದಾದರೆ ಈಗ ಏನು? ಮೊದಲ ದಿನವೇ ಬಿಟ್ಟಿದ್ದರೆ ವಾಸಿಯಾಗುತ್ತಿತ್ತು. ಇನ್ನು ಇದು ಬದುಕಿರುವ ತನಕ ಕುಂಟುತ್ತದೆ. ಇದರ ಮೇಲೆ ಯಾರೂ ಕೂರುವ ಹಾಗಿಲ್ಲ."

ವ್ಯಾಪಾರಿ ಕುದುರೆಯ ಕುತ್ತಿಗೆ ತಬ್ಬಿಕೊಂಡು ಅತ್ತ. "ಇದರ ಕಾಲು ಉಳಿಸಬೇಕು ಎಂದೇ ಅಲ್ಲವೇ ನಾನು ಇಷ್ಟು ಊರು ತಿರುಗಿದ್ದು!" ಎಂದು ಗೋಳಾಡಿದ. ಕುದುರೆ ಅವನ ಕೈಯನ್ನು ಮೂಸಿತು. ಅದಕ್ಕೇನು ಗೊತ್ತು ಪಾಪ.

ಕಾಲು ನೆಲ ಮುಟ್ಟುವಷ್ಟಾದ ಮೇಲೆ ಲಗಾಮು ಹಿಡಿದು ಊರ ಕಡೆ ನಡೆದ. ಕುದುರೆ ಹಿಂದೆ ಕುಂಟಿಕೊಂಡು ಬಂತು. ದಾರಿಯಲ್ಲಿ ಯಾರೂ ನಗಲಿಲ್ಲ. ನೋಡಿದವರು ಅಯ್ಯೋ ಎಂದರು, ಅಷ್ಟೇ.

ಅಜ್ಜ ಕತೆ ನಿಲ್ಲಿಸಿ ಒಂದು ಗುಟುಕು ನೀರು ಕುಡಿದರು.

ಬಸಲಿಂಗ ನಕ್ಕುಬಿಟ್ಟ. "ಇಂಥ ಪೆದ್ದನೂ ಇರುತ್ತಾನೆಯೇ ಅಜ್ಜಾ? ಕಾಲು ನೋಯುವ ಕುದುರೆಯನ್ನೇ ಹತ್ತಿ, ನೋವು ಯಾಕೆ ಎಂದು ಊರೂರು ಕೇಳುತ್ತಾ ಹೋಗುವುದೇ? ಇರಲಿ ಬಿಡಿ. ನನ್ನದು ಹೇಳಿ. ತಪ್ಪು ನನ್ನದೋ ಅಣ್ಣನದೋ?"

ಅಜ್ಜ ಹಣೆ ಹಣೆ ಚಚ್ಚಿಕೊಂಡರು. ಆಮೇಲೆ ಶಿಷ್ಯನ ಮುಖವನ್ನೇ ನೋಡುತ್ತಾ ಕೇಳಿದರು:

"ನಿಮ್ಮಣ್ಣನ ಮಾತು ನಿಮ್ಮ ಊಟದ ಮನೆಯಲ್ಲಿತ್ತಲ್ಲ ಬಸಲಿಂಗಾ, ಇಲ್ಲಿಯ ತನಕ ಅದನ್ನು ಹೇಗೆ ತಂದೆ?"

ಬಸಲಿಂಗ ಎದ್ದು ನೆಟ್ಟಗೆ ಮನೆಯ ದಾರಿ ಹಿಡಿದ.