ಬಾಳವ್ವನ ಪದಕ್ಕೆ ಜಾಗ

ಶಿವನ ದಯೆ ದೊಡ್ಡದು. ಹೊಳೆ ದಂಡೆಯ ಒಂದು ಸಣ್ಣ ಮಠದಲ್ಲಿ ಅದು ಒಮ್ಮೆ ಹಳೆಯ ಕಂಪ್ಯೂಟರಿನ ದಾರಿ ಹಿಡಿದು ಬಂತು.

ಆ ಮಠದ ಗುರುಗಳು ಅಡವಿಸ್ವಾಮಿಗಳು. ವಯಸ್ಸು ಎಂಬತ್ತು ದಾಟಿತ್ತು. ಸುತ್ತಲ ಹಳ್ಳಿಗಳಿಗೆಲ್ಲ ಅವರು ಬರೀ ‘ಅಜ್ಜಾರು’.

ಅವರ ಶಿಷ್ಯ ರೇವಯ್ಯ, ನಲವತ್ತರ ಆಸುಪಾಸಿನವನು. ಗುರುವಿನ ಒಂದು ಮಾತು ನೆಲಕ್ಕೆ ಬಿದ್ದರೂ ಜೀವ ಚುರ್ ಎನ್ನುವಂಥ ಭಕ್ತಿ ಅವನದು.

ಪೇಟೆಯ ಭಕ್ತರೊಬ್ಬರು ತಮ್ಮ ಕಚೇರಿಯಲ್ಲಿ ಬಳಸಿ ಬಿಟ್ಟ ಕಂಪ್ಯೂಟರೊಂದನ್ನು ಮಠಕ್ಕೆ ಕೊಟ್ಟಿದ್ದರು. ಕೈಯ ಫೋನು ಇನ್ನೂ ಮಾತಾಡಲಿಕ್ಕೆ ಮಾತ್ರ ಇದ್ದ ಕಾಲವದು. ರೇವಯ್ಯ ದಿನಾ ಆ ಯಂತ್ರಕ್ಕೆ ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿ, ಆಮೇಲಷ್ಟೇ ಗುಂಡಿ ಒತ್ತುತ್ತಿದ್ದ.

ಅಜ್ಜಾರ ಸಂಜೆಯ ಪ್ರವಚನವನ್ನು ಅದರಲ್ಲಿ ಹಿಡಿದಿಡುವುದು ಅವನ ಸೇವೆ. ಹನ್ನೊಂದು ವರ್ಷ ಒಂದು ಸಂಜೆಯೂ ತಪ್ಪಿರಲಿಲ್ಲ.

ಗುರು ಪೀಠದಿಂದ ಏಳುವ ಮುಂಚೆ ಯಂತ್ರ ನಿಲ್ಲಿಸುವುದು ಅಪಚಾರವೆಂದು ಅವನ ನಂಬಿಕೆ. ಅಜ್ಜಾರಿಗೋ ಮಾತು ಮುಗಿದ ಮೇಲೆ ಪೀಠದಲ್ಲೇ ಕಣ್ಣು ಹತ್ತುತ್ತಿತ್ತು. ಒಮ್ಮೊಮ್ಮೆ ಒಂದು ತಾಸು. ಯಂತ್ರ ತನ್ನ ಪಾಡಿಗೆ ಓಡುತ್ತಿತ್ತು.

ಒಂದು ಬುಧವಾರ ಬಾಳವ್ವ ಮಠಕ್ಕೆ ಬಂದಳು. ಅರವತ್ತರ ಹೆಣ್ಣುಮಗಳು. ಕೊರಳಿಗೆ ಹಳೆಯ ಸೀರೆಯ ತುಂಡು ಸುತ್ತಿಕೊಂಡಿದ್ದಳು.

“ಯಪ್ಪಾ, ಗಂಟಲದಾಗ ಗಂಟ ಆಗೇತಂತ. ಸೋಮವಾರ ದವಾಖಾನಿಗೆ ಬಾ ಅಂದಾರ. ಕೊಯ್ದ ಮ್ಯಾಲೆ ದನಿ ಉಳದೀತೋ ಇಲ್ಲೋ, ಡಾಕ್ಟರಿಗೂ ಗೊತ್ತಿಲ್ಲಂತ.”

“ಜೀವಕ್ಕ ಏನೂ ಇಲ್ಲಲ್ಲ?” ಎಂದರು ಅಜ್ಜಾರು.

“ಜೀವಕ್ಕೇನೂ ಇಲ್ಲರಿ. ಜೀವ ಗಟ್ಟಿ ಐತಿ, ಯಮ ಬಂದ್ರೂ ಚಾ ಕುಡಿಸಿ ಕಳಸ್ತೀನಿ. ಚಿಂತಿ ಪದದ್ದು.”

“ಯಾವ ಪದ?”

“ನಮ್ಮತ್ತಿ ಕಲಿಸಿದ ಬೀಸೂ ಪದ. ನಲವತ್ತೊಂದು ಅದಾವ. ಗಿರಣಿ ಬಂದ ಮ್ಯಾಲೆ ಯಾರ ಮನ್ಯಾಗೂ ಕಲ್ಲ ತಿರಗಲಿಲ್ಲ, ಪದ ನನ್ನ ಒಬ್ಬಾಕಿ ಹಂತ್ಯಾಕ ಉಳದ್ವು. ಈಗ ಸೊಸಿ ಕಲೀತೀನಿ ಅಂತಾಳ. ಐದ ದಿನದಾಗ ಎಷ್ಟ ಕಲಿಸ್ಲಿ? ನಿಮ್ಮ ಮಠದಾಗ ದನಿ ಹಿಡಿಯೂ ಡಬ್ಬಿ ಐತಂತಲ್ಲರಿ?”

“ಐತಿ. ರವಿವಾರ ಬಾ ಯವ್ವಾ. ನಮ್ಮ ರೇವಯ್ಯ ಹಿಡದಿಡ್ತಾನ.”

ಬಾಳವ್ವ ಕಾಲಿಗೆ ಬಿದ್ದು ಹೋದಳು.

ರೇವಯ್ಯ ಕಂಪ್ಯೂಟರ್ ಹಚ್ಚಿ ನೋಡಿದ. ಡಿಸ್ಕು ತುಂಬಿದೆ ಎಂದು ಪರದೆಯ ಮೇಲೆ ಬಂತು. ಹೆಚ್ಚೆಂದರೆ ಇನ್ನು ನಾಲ್ಕು ಸಂಜೆಯ ಪ್ರವಚನಕ್ಕೆ ಜಾಗವಿತ್ತು; ರವಿವಾರದ ಹೊತ್ತಿಗೆ ಅದೂ ಮುಗಿಯುತ್ತಿತ್ತು. ಪೇಟೆಯ ಅಂಗಡಿಗೆ ಫೋನು ಮಾಡಿದ. ಆ ಕಾಲದ ಯಂತ್ರಕ್ಕೆ ಹೊಂದುವ ಡಿಸ್ಕು ಹುಬ್ಬಳ್ಳಿಯಿಂದ ಬರಬೇಕು, ಎಂಟು ದಿನ ಹಿಡಿಯುತ್ತದೆ ಎಂದರು.

ಅವನು ಗುರುವಿನ ಬಳಿಗೆ ಬಂದ.

“ಅಜ್ಜಾರ, ಯಂತ್ರದಾಗ ಜಾಗ ಇಲ್ಲರಿ.”

“ಹಂಗಾರ ಜಾಗ ಮಾಡು.”

“ಏನ್ ತಗೀಲಿರಿ? ಎಲ್ಲಾ ನಿಮ್ಮ ಮಾತ ಅದಾವ.”

“ಬರೇ ಮಾತ ಅಲ್ಲೇನು? ಬಂಗಾರ ಅಂದಂಗ ಅಂತೀಯಲ್ಲ.”

“ನನಗ ಬಂಗಾರಕ್ಕಿಂತ ಹೆಚ್ಚರಿ. ಬಾಳವ್ವಗ ಬ್ಯಾರೆ ಎಲ್ಲೆರ ವ್ಯವಸ್ಥಾ ಮಾಡೂಣು. ಗುರುವಿನ ದನಿ ಅಳಸೂ ಪಾಪ ನನ್ನ ಕೈಲೆ ಮಾಡಸಬ್ಯಾಡ್ರಿ.”

ಅಜ್ಜಾರು ಗದ್ದುಗೆಯ ಕಡೆ ಕೈ ತೋರಿಸಿದರು.

“ಆತು. ನಾಳಿಂದ ಗದ್ದುಗಿ ಪೂಜಾ ಮಾಡೂ ಮುಂದ ಹಳೆ ಹೂವ ತಗೀಬ್ಯಾಡ. ಅದರ ಮ್ಯಾಲ ಹೊಸಾದು ಏರಸು.”

ಹಿಂದಿನ ಗುರುಗಳ ಗದ್ದುಗೆಯ ಮೇಲೆ ಒಂದು ಪುಟ್ಟ ಲಿಂಗವಿತ್ತು. ದಿನಾ ಬೆಳಿಗ್ಗೆ ನಿನ್ನೆಯ ಹೂವು ತೆಗೆದು, ನೀರೆರೆದು, ಹೊಸ ಹೂವು ಏರಿಸುವುದು ಮಠದ ಪದ್ಧತಿ. ತೆಗೆದ ಹೂವನ್ನು ತುಳಿಯುವ ಕಡೆ ಹಾಕುವಂತಿಲ್ಲ. ಬಿಲ್ವದ ಬುಡಕ್ಕೆ ಒಯ್ದು, ಕೈಮುಗಿದು ಬಿಟ್ಟು ಬರಬೇಕು.

ರೇವಯ್ಯನಿಗೆ ಏನೂ ತಿಳಿಯಲಿಲ್ಲ. ಆದರೂ ಗುರುವಿನ ಅಪ್ಪಣೆ. ಗುರುವಾರ ಬುಟ್ಟಿ ತುಂಬ ಹೂವು ಏರಿಸಿದ. ಶುಕ್ರವಾರ ಮತ್ತೊಂದು ಬುಟ್ಟಿ. ಶನಿವಾರ ಬೆಳಿಗ್ಗೆ ವಿಭೂತಿ ಹಚ್ಚಲು ಹೋದರೆ ಬೆರಳಿಗೆ ಲಿಂಗವೇ ಸಿಗಲಿಲ್ಲ. ಅಡಿಯ ಹೂವು ಕೊಳೆತು ಅಂಟಾಗಿತ್ತು. ಇರುವೆ ಹತ್ತಿದ್ದವು.

ಅವನು ಓಡಿ ಬಂದ.

“ಅಜ್ಜಾರ, ಲಿಂಗ ಕಾಣವಲ್ದರಿ!”

“ಯಾರ ಮುಚ್ಚಿದ್ರು?”

“ನಾನ ಏರಿಸಿದ ಹೂವರಿ.”

“ಕೆಟ್ಟ ಹೂವೇನು?”

“ಛೇ ಛೇ. ಶಿವನ ತಲಿ ಮ್ಯಾಲ ಇದ್ದದ್ದರಿ, ಕೆಟ್ಟದ್ದು ಹೆಂಗ ಆದೀತು?”

“ಮತ್ತ ಇಷ್ಟ ವರ್ಷ ದಿನಾ ಯಾಕ ತಗದಿ?”

“ಇವತ್ತಿನ ಹೂವಿಗೆ ಜಾಗ ಬೇಕಲ್ರಿ, ಅಜ್ಜಾರ.”

ಅಂದವನು ಅಂದ ಹಾಗೆಯೇ ನಿಂತುಬಿಟ್ಟ.

ಅಜ್ಜಾರು ಗೂಟದ ಮೇಲಿನ ಖಾಲಿ ಬುಟ್ಟಿ ತೆಗೆದು ಅವನ ಕೈಗೆ ಕೊಟ್ಟರು.

ರೇವಯ್ಯ ಮೂರು ದಿನದ ಹೂವನ್ನು ಬಿಲ್ವದ ಬುಡಕ್ಕೆ ಬಿಟ್ಟು ಬಂದ. ನೀರೆರೆದ. ಲಿಂಗ ಈಗಷ್ಟೇ ಹುಟ್ಟಿದ ಕೂಸಿನ ಹಾಗೆ ಹೊಳೆಯಿತು. ಅವನ ಕಣ್ಣಲ್ಲಿ ನೀರು ಬಂತು.

ಮಧ್ಯಾಹ್ನ ಅವನು ಕಂಪ್ಯೂಟರಿನ ಮುಂದೆ ಕೂತ. ಅಜ್ಜಾರು ಕೋಲೂರಿಕೊಂಡು ಬಂದು ಪಕ್ಕದ ಮಣೆಯ ಮೇಲೆ ಕೂತರು.

“ಯಾವುದು ತಗೀಲಿರಿ, ಯಾವುದು ಉಳಸ್ಲಿ?”

“ನಿನಗ ನೆನಪಿದ್ದದ್ದು ತಗಿ. ಅದು ಹೆಂಗೂ ನಿನ್ನ ಹಂತ್ಯಾಕ ಐತಿ.”

“ನೆನಪಿಲ್ಲದ್ದು?”

“ಅದೂ ತಗಿ. ಅದು ನಿನ್ನ ಹಂತ್ಯಾಕ ಬಂದಽ ಇಲ್ಲ.”

ರೇವಯ್ಯ ತಲೆ ಕೆರೆದುಕೊಂಡ.

“ಇರ್ಲಿ, ಒಂದು ಹಚ್ಚು. ನಾನೂ ಕೇಳ್ತೀನಿ, ಏನ್ ಅಂಥಾ ಹೇಳೀನಿ ಅಂತ.”

ಅವನು ಕಣ್ಣಿಗೆ ಬಿದ್ದ ಒಂದು ಫೈಲನ್ನು ಹಚ್ಚಿದ. ಗಡಿಬಿಡಿಯಲ್ಲಿ ಅದು ನಡುವಿನಿಂದ ಶುರುವಾಯಿತು. ಪೆಟ್ಟಿಗೆಯೊಳಗಿಂದ ಏನೋ ಗರಗಸ ಎಳೆದ ಹಾಗೆ ಸದ್ದು ಬಂತು. ನಿಂತಿತು. ಮತ್ತೆ ಬಂತು.

“ಯಂತ್ರ ಕೆಟ್ಟೈತೇನೋ?” ಎಂದರು ಅಜ್ಜಾರು.

“ಇಲ್ಲರಿ… ಅದು ನಿಮ್ಮ… ಪ್ರವಚನ ಮುಗದ ಮ್ಯಾಲಿಂದರಿ.”

“ನನ್ನ ಗೊರಕಿ!”

“ಗುರುವಿನ ಉಸಿರರಿ ಅದು. ಅಳಸೂದು ಹೆಂಗ ಅಂತ…”

ಅಜ್ಜಾರು ಕೋಲು ಕೈಬಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಮ್ಮು ಬರುವ ತನಕ ನಕ್ಕರು.

“ಹನ್ನೊಂದು ವರ್ಷ ನನ್ನ ಗೊರಕಿಗೆ ವಿಭೂತಿ ಹಚ್ಚಿದೇನೋ, ಮಗನ!”

ರೇವಯ್ಯನಿಗೂ ನಗು ತಡೆಯಲಾಗಲಿಲ್ಲ.

ಅಜ್ಜಾರು ಎದ್ದು ಹೋದ ಮೇಲೆ ಅವನು ಒಬ್ಬನೇ ಕೂತು ಕೆಲಸ ಮಾಡಿದ. ಕಳೆದ ಶ್ರಾವಣದ ಒಂದು ತಿಂಗಳು ಉಳಿಸಿಕೊಂಡ. ಮಿಕ್ಕಿದ್ದನ್ನೆಲ್ಲ ಒಂದೊಂದಾಗಿ ಪರದೆಯ ಮೂಲೆಯಲ್ಲಿದ್ದ ಕಸದ ಬುಟ್ಟಿಯ ಚಿತ್ರಕ್ಕೆ ಎಳೆದು ಬಿಟ್ಟ. ಒಂದೊಂದಕ್ಕೂ ‘ತಪ್ಪಾತು ತಂದೆ’ ಎಂದ. ಸಂಜೆ ಬಂದು ಗುರುವಿಗೆ ಹೇಳಿದ:

“ತಗದೀನ್ರಿ.”

ಅಜ್ಜಾರು ತಲೆಯಾಡಿಸಿದರು.

ರವಿವಾರ ಬೆಳಿಗ್ಗೆ ಬಾಳವ್ವ ಸೊಸೆಯನ್ನೂ ಕರೆದುಕೊಂಡು ಬಂದಳು. ರೇವಯ್ಯ ಅವಳನ್ನು ಮೈಕಿನ ಮುಂದೆ ಕೂಡಿಸಿದ.

ಬಾಳವ್ವ ಬಾಯಿ ತೆರೆದಳು. ದನಿ ಹೊರಡಲಿಲ್ಲ. ಮತ್ತೆ ತೆರೆದಳು.

“ಬರವಲ್ದರಿ ಸ್ವಾಮ್ಯಾರ. ಕೈ ಸುಮ್ಮನ ಇದ್ರ ಬಾಯಿಗೆ ಪದ ಸಿಗೂದಿಲ್ಲ. ಕಲ್ಲ ಇದ್ರ ಬರತೈತಿ.”

ಮಠದ ಅಡುಗೆಮನೆಯಲ್ಲಿ ಹಳೆಯ ಬೀಸುವ ಕಲ್ಲೊಂದಿತ್ತು. ಕಲ್ಲನ್ನು ಎತ್ತಿ ತರಲಾಗದು. ಹಾಗಾಗಿ ಕಂಪ್ಯೂಟರೇ ಒಲೆಯ ಪಕ್ಕಕ್ಕೆ ಹೋಯಿತು. ರೇವಯ್ಯ ಜೋಳದ ಚೀಲದ ಮೇಲೆ ಪರದೆ ಇಟ್ಟ. ಸೊಸೆ ಮೊರದಲ್ಲಿ ಜೋಳ ತಂದಳು. ಅಜ್ಜಾರು ಹೊಸ್ತಿಲ ಒಳಗೆ ಗೋಡೆಗೆ ಒರಗಿ ಕೂತರು.

ಬಾಳವ್ವ ಗೂಟ ಹಿಡಿದು ಒಂದು ಸುತ್ತು ತಿರುಗಿಸಿದಳು. ಕಲ್ಲು ಗುಡುಗಿತು. ಅದರ ಹಿಂದೆಯೇ ಪದ ಬಂತು.

*ಕಲ್ಲವ್ವ ತಾಯೆ ನೀ ನಿಲ್ಲದೆ ತಿರುಗವ್ವ*
*ಎಲ್ಲಾರ ಹಸಿವು ತಿಳಿದಾಕಿ | ನಿನ್ನೊಡಲ*
*ಸೊಲ್ಲೀಗೆ ಬೆಳಗು ಹರದೀತ*

ಒಂದಾಯಿತು, ಎರಡಾಯಿತು. ದನಿ ಒಡೆದಿತ್ತು, ಆದರೆ ದಾರಿ ತಪ್ಪಲಿಲ್ಲ. ಏಳನೆಯ ಪದದ ನಡುವೆ ಯಂತ್ರ ಟಣ್ ಎಂದಿತು. ಮತ್ತೆ ಅದೇ ಮಾತು: ಡಿಸ್ಕು ತುಂಬಿದೆ.

ಕಲ್ಲು ನಿಂತಿತು.

“ತಗದೀನಿ ಅಂದೆಲ್ಲ?” ಎಂದರು ಅಜ್ಜಾರು.

“ತಗದೀನ್ರಿ. ತಗದು… ಬುಟ್ಟ್ಯಾಗ ಇಟ್ಟೀನಿ.”

“ಬುಟ್ಟಿ ಎಲ್ಲೈತಿ?”

ರೇವಯ್ಯ ಮೆಲ್ಲಗೆ ಯಂತ್ರದ ಕಡೆ ಬೆರಳು ಮಾಡಿದ. “ಇದರ ಒಳಗ ಐತ್ರಿ.”

ಬಾಳವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಅಂದ್ರ ಕಸಾ ಹೊಡದು, ಹಾಸಿಗಿ ಕೆಳಗ ಸರಿಸಿ ಇಟ್ಟೀರೇನ್ರಿ, ಸ್ವಾಮ್ಯಾರ? ನನ್ನ ಸೊಸಿ ಹಿಂಗ ಮಾಡಿದ್ರ ಊರ ಕೂಡಸ್ತಿದ್ದೆ.”

“ಅತ್ತಿ!” ಎಂದಳು ಸೊಸೆ.

ಬುಟ್ಟಿ ಖಾಲಿ ಮಾಡುವ ಗುಂಡಿ ರೇವಯ್ಯನಿಗೆ ಗೊತ್ತಿತ್ತು. ನಿನ್ನೆಯೂ ಗೊತ್ತಿತ್ತು. ಈಗ ಅದನ್ನು ಒತ್ತಿದ. ಯಂತ್ರ ಒಂದು ಪ್ರಶ್ನೆ ಕೇಳಿತು: ಇವನ್ನೆಲ್ಲ ಶಾಶ್ವತವಾಗಿ ಅಳಿಸಬೇಕೆ?

ಅವನು ಕೈ ಹಿಂದಕ್ಕೆ ತೆಗೆದುಕೊಂಡ.

“ಅಜ್ಜಾರ, ನನ್ನ ಕೈಲೆ ಆಗವಲ್ದು. ನಿಮಗ ಎಂಬತ್ತು ಮ್ಯಾಲಾದ್ವು. ಮುಂದ ಒಂದಿನ ಪೀಠ ಖಾಲಿ ಇರತೈತಿ. ಆವತ್ತ ನಾ ಏನ್ ಕೇಳ್ಕೋತ ಕೂಡ್ಲಿರಿ?”

ಹನ್ನೊಂದು ವರ್ಷ ಅವನು ಯಂತ್ರದಲ್ಲಿ ಕೂಡಿಟ್ಟಿದ್ದು ಈ ಒಂದು ಹೆದರಿಕೆಯನ್ನೇ ಎಂದು ಅವನಿಗೇ ಅವತ್ತು ತಿಳಿಯಿತು.

ಅಜ್ಜಾರು ಮೃದುವಾಗಿ ಕೇಳಿದರು: “ಇಷ್ಟ ವರ್ಷದಾಗ ಒಂದಾರ ಹಚ್ಚಿ ಕೇಳಿಯೇನು?”

“ಇಲ್ಲರಿ.”

“ನಾ ಹೇಳೂ ಹೊತ್ತಿನಾಗರ ಕೇಳ್ದೇನು?”

“ಹೇಳೂ ಮುಂದ… ದನಿ ಸರಿಯಾಗಿ ಬೀಳತೈತೋ ಇಲ್ಲೋ ಅಂತ ಪರದೆದ ಮ್ಯಾಲಿನ ಗೆರಿ ನೋಡ್ಕೋತ ಕೂತಿರ್ತೀನ್ರಿ.”

ಅಜ್ಜಾರು ಎದ್ದರು. ಬೈಯುತ್ತಾರೇನೋ ಎಂದು ರೇವಯ್ಯ ತಲೆ ತಗ್ಗಿಸಿದ. ಬೈಯಲಿಲ್ಲ. ಅವರು ಬಾಳವ್ವನ ಎದುರು ಹೋಗಿ ನೆಲಕ್ಕೆ ಕೂತು, ಕಲ್ಲಿನ ಗೂಟಕ್ಕೆ ತಾವೂ ಕೈ ಹಚ್ಚಿದರು.

“ಯಪ್ಪಾ! ನೀವು ಬೀಸೂದೇನ್ರಿ? ಬಿಡ್ರಿ, ಪಾಪ ಹತ್ತೀತು ನನಗ!”

“ನಿನ್ನ ಉಸರು ಉಳೀಲಿ, ಯವ್ವಾ. ತಿರಗೂ ಕೆಲಸ ನಾ ಮಾಡ್ತೀನಿ, ಹಾಡೂ ಕೆಲಸ ನೀ ಮಾಡು. ಇನ್ನೂ ಮೂವತ್ತೈದು ಅದಾವಲ್ಲ?”

ಅಜ್ಜಾರು ಶಿಷ್ಯನ ಕಡೆ ನೋಡಲಿಲ್ಲ. ಕಾಯ್ದರು. ಬಾಳವ್ವ ಒಂದು ಹಿಡಿ ಜೋಳ ಕೈಯಲ್ಲಿ ಹಿಡಿದು, ಕಲ್ಲಿನ ಬಾಯಿಗೆ ಹಾಕದೆ ಹಾಗೆಯೇ ಕಾಯ್ದಳು. ಅವಳ ಕೊರಳಿನ ನರ ಮಿಡಿಯುವುದು ರೇವಯ್ಯನಿಗೆ ಕಾಣಿಸಿತು.

ನಾಳೆ ಆ ಕೊರಳು ಬೇರೆಯವರ ಕೈಯಲ್ಲಿ.

ಅವನು ಕೈಮುಗಿದ. ಕಣ್ಣು ಮುಚ್ಚದೆ ಗುಂಡಿ ಒತ್ತಿದ.

ಯಂತ್ರ ಬಹಳ ಹೊತ್ತು ಗುರುಗುಟ್ಟಿತು. ಹಳೆಯದಲ್ಲವೇ, ಅದಕ್ಕೂ ಬಿಡುವುದು ಕಷ್ಟ. ಆಮೇಲೆ ಪರದೆ ತಿಳಿಯಾಯಿತು. ಜಾಗ ಎಷ್ಟೆಂದರೆ, ನೂರು ಬಾಳವ್ವಂದಿರು ಬಂದು ಹಾಡಿದರೂ ಉಳಿಯುವಷ್ಟು.

“ಹಾಡ್ರಿ, ಬಾಳವ್ವ,” ಎಂದ ರೇವಯ್ಯ.

ಕಲ್ಲು ತಿರುಗಿತು. ಪದ ಬಂತು. ಹತ್ತಾಯಿತು, ಇಪ್ಪತ್ತಾಯಿತು. ನಡುನಡುವೆ ಬಾಳವ್ವ ಬಿಸಿನೀರು ಕುಡಿದು ದಣಿವಾರಿಸಿಕೊಂಡಳು. ಅತ್ತೆ ಎಳೆದ ಕಡೆ ಸೊಸೆಯೂ ಸಣ್ಣಗೆ ದನಿಗೂಡಿಸತೊಡಗಿದಳು. ಪರದೆಯ ಮೇಲೆ ಗೆರೆ ಕುಣಿಯುತ್ತಿತ್ತು. ರೇವಯ್ಯ ಅದನ್ನು ನೋಡುವುದನ್ನು ಯಾವಾಗ ಬಿಟ್ಟನೋ ಅವನಿಗೇ ಗೊತ್ತಾಗಲಿಲ್ಲ. ಗೋಡೆಗೆ ತಲೆ ಆನಿಸಿ ಕೇಳುತ್ತ ಕೂತಿದ್ದ. ಒಂದು ಪದದಲ್ಲಿ ತವರಿಗೆ ಹೋಗುವ ದಾರಿಯಿತ್ತು. ಒಂದರಲ್ಲಿ ಶಿವನೇ ಮುದುಕನಾಗಿ ಬಂದು ಹಿಟ್ಟು ಬೇಡುತ್ತಿದ್ದ.

ನಲವತ್ತೊಂದನೆಯ ಪದ ಮುಗಿದಾಗ ಹೊಳೆಯ ಮೇಲೆ ಇಳಿಹೊತ್ತಿನ ಬಿಸಿಲು ಬಿದ್ದಿತ್ತು. ಕಲ್ಲಿನ ಸುತ್ತ ಹಿಟ್ಟು ಗುಡ್ಡೆಯಾಗಿತ್ತು. ಅಜ್ಜಾರ ಗಡ್ಡವೂ ಹಿಟ್ಟಾಗಿತ್ತು.

ಬಾಳವ್ವ ಎದ್ದು ಸೊಂಟ ಹಿಡಿದುಕೊಂಡಳು. “ದನಿ ಉಳದ್ರ ಬಂದು ಮತ್ತೊಮ್ಮೆ ಹಾಡ್ತೀನಿ. ಹೋತಂದ್ರ ಈ ಡಬ್ಬಿ ಹಚ್ಚಿ, ಮುಂದ ಕುಂತು ಬಾಯಿ ಆಡಸ್ತೀನಿ. ಊರ ಮಂದಿಗೆ ಗೊತ್ತಽ ಆಗೂದಿಲ್ಲ!”

“ನಾ ಇರ್ತೀನಲ್ಲ ಅತ್ತಿ ಹಾಡಾಕ,” ಎಂದಳು ಸೊಸೆ.

ಬಾಳವ್ವ ಅವಳ ಮುಖ ನೋಡಿದಳು. ಹಿಟ್ಟಿನ ಕೈಯಿಂದಲೇ ಅವಳ ಗಲ್ಲ ಸವರಿದಳು. ಇಬ್ಬರೂ ಗುರುವಿಗೆ ನಮಸ್ಕರಿಸಿ, ದಂಡೆಯ ದಾರಿ ಹಿಡಿದು ಹೋದರು.

ಹೊರಗೆ ಭಕ್ತರು ಸಂಜೆಯ ಪ್ರವಚನಕ್ಕೆ ಸೇರುತ್ತಿದ್ದರು. ರೇವಯ್ಯ ಮೈಕು ಬಿಚ್ಚಿ, ತಂತಿ ಸುತ್ತಿಕೊಂಡು, ಗಡಬಡಿಸಿ ಎದ್ದ.

“ಅಜ್ಜಾರ, ಈಗ ಬೇಕಾದಷ್ಟು ಜಾಗ ಐತ್ರಿ. ಇವತ್ತಿನ ಪ್ರವಚನ ಹಿಡೀಲಿಕ್ಕೆ ಯಂತ್ರ ಒಳಗ ಒಯ್ದು ಹಚ್ಚಲಿರಿ?”

ಅಜ್ಜಾರು ಗಡ್ಡದ ಹಿಟ್ಟು ಕೊಡವಿಕೊಂಡರು.

“ಬ್ಯಾಡ. ಇವತ್ತ ನೀನ ಬಂದು ಮುಂದ ಕೂಡು.”