ಗುರುಗಳು ಕಾವು ಕೊಟ್ಟ ಏಳು ದಿನ

ಫ್ರಾನ್ಸ್ ದೇಶದ ದಕ್ಷಿಣದಲ್ಲಿ, ಸೇವೆನ್ ಎಂಬ ಬೆಟ್ಟಸೀಮೆಯ ಒಂದು ನೆತ್ತಿಯ ಮೇಲೆ, ಹಳೆಯ ಪ್ರಾರ್ಥನಾಮಂದಿರಕ್ಕೆ ಒತ್ತಿಕೊಂಡ ಕಲ್ಲಿನ ಕೋಣೆಯಲ್ಲಿ ಪೂಜ್ಯ ಮಾತೆ ಪೆತ್ರೊನೀಲರು ವಾಸವಾಗಿದ್ದರು. ಒಂದು ಮಂಚ, ಒಂದು ಶಿಲುಬೆ, ಎರಡು ಮೇಕೆ. ಇಷ್ಟೇ ಅವರ ಸಂಸಾರ.

ಆ ಕಾಲದಲ್ಲಿ ಕ್ಯಾಥೊಲಿಕರಿಗೂ ಪ್ರಾಟೆಸ್ಟೆಂಟರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ರಾಜ್ಯ ಕ್ಯಾಥೊಲಿಕರದು; ಪ್ರಾಟೆಸ್ಟೆಂಟರ ಪ್ರಾರ್ಥನೆಯ ಪುಸ್ತಕ ಮನೆಯಲ್ಲಿ ಸಿಕ್ಕರೆ ಸೆರೆಮನೆಯೇ ಗತಿ. ಹೀಗಿರುವಾಗ ಗಂಟೆ ಬಾರಿಸುವ ಮೆಲ್ಕಿಯೋರ್ ಕೆಳಗಿನ ಪಟ್ಟಣಕ್ಕೆ ಓಡಿ ಹೋಗಿ ಪಾದ್ರಿ ಓನೊರೆಯವರ ಕಿವಿ ಕಚ್ಚಿದ. ಮಾತೆಯವರು ಇಸಾಬೋ ಎಂಬ ಪ್ರಾಟೆಸ್ಟೆಂಟ್ ವಿಧವೆಯ ಮನೆಯಿಂದ ಏನನ್ನೋ ಎದೆಯಲ್ಲಿ ಬಚ್ಚಿಟ್ಟು ತಂದರಂತೆ. "ಏಳು ದಿನ ತಾಳು, ಸಾವಿರ ಸಾವಿರ ಏಳ್ತಾರೆ" ಎಂದು ಆಕೆಗೆ ಧೈರ್ಯ ಹೇಳಿದರಂತೆ.

ದಂಗೆ! ಗುರು ಓನೊರೆಯವರ ನೆತ್ತಿ ಕಾದುಹೋಯಿತು. ಮಾತೆಯವರ ಪವಾಡಗಳ ಸುದ್ದಿ ಕೇಳಿದಾಗಲೆಲ್ಲ ಮೂಗು ಮುರಿಯುತ್ತಿದ್ದವರು ಅವರು. ಬಿಷಪರಿಗೆ ಕೂಡಲೇ ಒಂದು ಪತ್ರ ಬರೆದು ಕಳಿಸಿ, ಏದುಸಿರು ಬಿಡುತ್ತ ಬೆಟ್ಟ ಹತ್ತಿದರು.

"ಎದೆಯಲ್ಲಿ ಇಟ್ಟುಕೊಂಡಿರುವುದನ್ನು ತೆಗೆಯಿರಿ!"

ಮಾತೆಯವರು ಒಂದು ಪುಟ್ಟ ಬಟ್ಟೆಯ ಚೀಲವನ್ನು ತೆಗೆದು ಕೊಟ್ಟರು. ಗುರುಗಳು ದಾರ ಕಿತ್ತು ನೋಡಿದರೆ ಒಳಗೆ ಗಸಗಸೆಯಂಥ ಬೂದು ಕಾಳುಗಳು.

"ಬಂದೂಕಿನ ಮದ್ದು!"

"ರೇಷ್ಮೆ ಮೊಟ್ಟೆ, ಗುರುಗಳೇ," ಎಂದರು ಮಾತೆಯವರು.

ಆ ಸೀಮೆಯ ಹೆಂಗಸರು ರೇಷ್ಮೆ ಮೊಟ್ಟೆಗಳನ್ನು ಚೀಲದಲ್ಲಿ ಕಟ್ಟಿ, ಎದೆಗೆ ಅವುಚಿಕೊಂಡು, ಮೈಯ ಬಿಸಿಯಲ್ಲೇ ಮರಿ ಮಾಡಿಸುತ್ತಿದ್ದರು. ಇಸಾಬೋಗೆ ವಿಪರೀತ ಜ್ವರ. ಆ ಸುಡುವ ಮೈಯಲ್ಲಿ ಮೊಟ್ಟೆ ಉಳಿಯುವಂತಿರಲಿಲ್ಲ, ಮೊಟ್ಟೆ ಹೋದರೆ ಅವಳ ವರ್ಷದ ಅನ್ನವೇ ಹೋದಂತೆ. ಅದಕ್ಕೇ ಮಾತೆಯವರು ಆ ಚೀಲವನ್ನು ತಾವು ಹೊತ್ತಿದ್ದರು.

"ಸಾವಿರ ಸಾವಿರ ಏಳ್ತಾವೆ ಅಂದಿದ್ದೆ. ಮೆಲ್ಕಿಯೋರನಿಗೆ ಏಳ್ತಾರೆ ಅಂತ ಕೇಳಿಸಿತೇನೋ!" ಮಾತೆಯವರು ಬೊಚ್ಚು ಬಾಯಿ ತುಂಬ ನಕ್ಕರು. ಆಮೇಲೆ ಬಿಚ್ಚಿದ ಚೀಲದತ್ತ ನೋಡಿ ಅವರ ನಗು ನಿಂತಿತು. "ತಣ್ಣನೆ ಗಾಳಿ ತಗುಲಿಬಿಟ್ಟಿದೆ. ಇನ್ನು ಈ ಮುದಿ ಮೈಯ ಕಾವು ಸಾಲದು. ನೀವು ಸಿಟ್ಟಿನಲ್ಲಿ ಬೆಟ್ಟ ಹತ್ತಿ ಬಂದಿದ್ದೀರಿ, ಮೈ ಚೆನ್ನಾಗಿ ಕಾದಿದೆ. ನೀವೇ ಇಟ್ಟುಕೊಳ್ಳಿ."

"ನಾನೇ? ಪಾಷಂಡಿಯ ಹುಳುಗಳನ್ನೇ?"

"ಒಂದು ಮಾತು, ಗುರುಗಳೇ. ಏಳು ದಿನ ಸಿಟ್ಟಾಗಬೇಡಿ. ಬಿಸಿ ಹೆಚ್ಚಾದರೆ ಬೆಂದುಹೋಗುತ್ತವೆ."

ದಾರ ಕಿತ್ತವರು ತಾವೇ. ಆ ಅಳುಕಿಗೆ ಗುರುಗಳು ಚೀಲವನ್ನು ನಿಲುವಂಗಿಯೊಳಗೆ ಸೇರಿಸಿಕೊಂಡು ಬೆಟ್ಟದಲ್ಲೇ ಉಳಿದರು. ಏಳು ದಿನ! ಸಿಟ್ಟಿಲ್ಲದೆ ಅವರು ಏಳು ಗಳಿಗೆ ಕಳೆದವರಲ್ಲ. ಮೇಕೆ ಅವರ ಟೋಪಿಯನ್ನು ಮೆದ್ದಿತು. ಮೆಲ್ಕಿಯೋರ್ ದಿನಕ್ಕೊಂದು ಚಾಡಿ ತಂದ. ಬೈಯಲು ಬಾಯಿ ತೆರೆದಾಗಲೆಲ್ಲ ಗುರುಗಳು ಎದೆ ಮುಟ್ಟಿ ನೋಡಿಕೊಂಡು ಸುಮ್ಮನಾದರು. ಮೂರನೆಯ ದಿನ ಮಗ್ಗುಲಾಗಿ ಮಲಗಲೂ ಅಂಜಿದರು. ಐದನೆಯ ದಿನ, ಆ ವಿಧವೆಯ ಜ್ವರ ಇಳಿಯಲೆಂದು ತಾವೇ ಪ್ರಾರ್ಥಿಸುತ್ತಿರುವುದು ಅವರ ಅರಿವಿಗೆ ಬಂತು.

ಏಳನೆಯ ಬೆಳಿಗ್ಗೆ, ಪೂಜೆಯ ನಡುವೆ, ಎದೆಯಲ್ಲಿ ಕಚಗುಳಿಯಿಟ್ಟಂತಾಯಿತು. ಗುರುಗಳು ಕಿಸಕ್ಕನೆ ನಕ್ಕರು. ಹೇಗೋ ಪೂಜೆ ಮುಗಿಸಿದವರೇ ಬೆಟ್ಟ ಇಳಿದು ಓಡಿದರು.

ಬಾಗಿಲಲ್ಲಿ ಕಪ್ಪು ನಿಲುವಂಗಿ ಕಂಡು ಇಸಾಬೋಳ ಜೀವ ಬಾಯಿಗೆ ಬಂತು. ಜ್ವರ ಬಿಟ್ಟು ಎದ್ದು ಕುಳಿತವಳು ಕೈಯಲ್ಲಿದ್ದ ಪ್ರಾರ್ಥನೆಯ ಪುಸ್ತಕವನ್ನು ಹೊದ್ದ ಶಾಲಿನಡಿ ತುರುಕಿ ಅವುಚಿ ಹಿಡಿದಳು.

"ತಾಯೀ, ಎದ್ದಿವೆ! ಹಿಪ್ಪುನೇರಳೆ ಸೊಪ್ಪು ಎಲ್ಲಿ?" ಎನ್ನುತ್ತ ಗುರುಗಳು ಚೀಲ ಚಾಚಿದರು.

ಇರುವೆಮರಿಗಳಂತೆ ಹರಿದಾಡುವ ಹುಳುಗಳನ್ನು ಕಂಡು ಇಸಾಬೋ ಎರಡೂ ಕೈ ಚಾಚಿದಳು. ಪುಸ್ತಕ ಧೊಪ್ಪನೆ ನೆಲಕ್ಕೆ ಬಿತ್ತು. ಗುರುಗಳು ಬಗ್ಗಿ, ಅದರ ಧೂಳು ಒರೆಸಿ, ಗೋಡೆಯ ಗೂಡಿನಲ್ಲಿ ಇಟ್ಟರು.

"ಮೊದಲು ಸೊಪ್ಪು, ತಾಯಿ. ಹಸಿದಿವೆ."

ಇಸಾಬೋ ಅಳುತ್ತಲೇ ನಕ್ಕಳು. ಸಿಟ್ಟಾಗಬೇಡಿ ಎಂಬ ಮಾತೆಯವರ ಒಂದೇ ಮಾತು ಅವಳನ್ನೂ ಗುರುಗಳನ್ನೂ ಬದುಕಿಸಿತ್ತು.

ದಂಗೆಯ ವಿಚಾರ ಏನಾಯಿತೆಂದು ಕೇಳಿ ಅಂದು ಸಂಜೆ ಬಿಷಪರಿಂದ ಪತ್ರ ಬಂತು. ಗುರು ಓನೊರೆಯವರು ಉತ್ತರ ಬರೆದರು: "ಸಾವಿರಾರು ಎದ್ದಿರುವುದು ನಿಜ. ಎಬ್ಬಿಸಿದವನು ನಾನೇ."